ನದಿ ದಾಟಿ ಬಂದ ಪತ್ರಿಕೆ

ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ನಮ್ಮ ಜವಳಗೇರಾ ಇದೆ. ತಾಲೂಕಿನ ದಕ್ಷಿಣಕ್ಕೆ ತುಂಗಭದ್ರೆ, ನದಿಯಾಚೆ ಸಿರುಗುಪ್ಪ. ೧೯೪೭ರವರೆಗೆ ಆಚೆಯ ದಡ ಇಂಗ್ಲಿಷರ ಮದರಾಸು ಪ್ರಾಂತಕ್ಕೆ ಸೇರಿತ್ತು. ಈಚೆಯ ದಡ ಇಂಗ್ಲಿಷರ ಅಧೀನದಲ್ಲಿದ್ದ ನಿಜಾಮರದು. ಎರಡು ದಡಗಳ ಜನರೂ ಆಡುತ್ತಿದ್ದುದು ಒಂದೇ ಕನ್ನಡ. ಸ್ವಾತಂತ್ರ್ಯ ಚಳವಳಿಯಲ್ಲಿ ಪತ್ರಿಕೆಗಳ ಪಾತ್ರವೇನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಗಡಿ.

ಗಡಿಗೂ ಪತ್ರಿಕೆಗೂ ಇರುವ ನಂಟನ್ನು ತಮಿಳರು ನಮಗಿಂತ ಮೊದಲೇ ಕಂಡುಕೊಂಡಿದ್ದರು. ಜಿ. ಸುಬ್ರಹ್ಮಣ್ಯ ಅಯ್ಯರ್ ೧೮೮೨ರಲ್ಲಿ ಆರಂಭಿಸಿದ 'ಸ್ವದೇಶಮಿತ್ರನ್' ಪತ್ರಿಕೆಯಲ್ಲಿ ಪಳಗಿದವರು ಕವಿ ಸುಬ್ರಹ್ಮಣ್ಯ ಭಾರತಿ. ಅವರು ಬರೆಯುತ್ತಿದ್ದ 'ಇಂಡಿಯಾ' ವಾರಪತ್ರಿಕೆಯ ಮೇಲೆ ೧೯೦೮ರಲ್ಲಿ ಸರಕಾರ ಕೈಮಾಡಿತು. ಭಾರತಿ ಫ್ರೆಂಚರ ಪುದುಚ್ಚೇರಿಗೆ ಹೋದರು. ಪತ್ರಿಕೆಯೂ ಅವರನ್ನು ಹಿಂಬಾಲಿಸಿತು. ಅಲ್ಲಿ ಅಚ್ಚಾದ ಪ್ರತಿಗಳನ್ನು ಇಂಗ್ಲಿಷರು ತಮ್ಮ ಸೀಮೆಯಲ್ಲಿ ತಡೆದರು. ೧೯೧೦ರಲ್ಲಿ 'ಇಂಡಿಯಾ' ನಿಂತುಹೋಯಿತು. ಫ್ರೆಂಚರೇನು ಸ್ವಾತಂತ್ರ್ಯದ ಧರ್ಮಛತ್ರ ತೆರೆದವರಲ್ಲ. ಇಬ್ಬರು ದೊರೆಗಳ ನಡುವೆ ಬಿದ್ದ ಸಂದಿನಲ್ಲಿ ಒಂದು ಲೇಖನಿಗೆ ಒಂದೆರಡು ವರ್ಷ ಉಸಿರಾಡಲು ಎಡೆ ದೊರೆಯಿತು, ಅಷ್ಟೆ.

ನಮ್ಮ ಭಾಗದಲ್ಲಿ ಇದೇ ಮಾತು ತಿರುಗುಮುರುಗಾಯಿತು. ತಮಿಳರು ಯಾರಿಂದ ಓಡಿಹೋಗಬೇಕಾಯಿತೋ ಅದೇ ಇಂಗ್ಲಿಷರ ಸೀಮೆ ನಮಗೆ ಪುದುಚ್ಚೇರಿಯಾಯಿತು! ನಿಜಾಮರ ರಾಜ್ಯದಲ್ಲಿ ಸಾರ್ವಜನಿಕ ಸಭೆಗೆ ಮುಂಚಿತವಾಗಿ ಅಪ್ಪಣೆ ಬೇಕಾಗಿತ್ತು. ಹೊರಗಿನ ಅನೇಕ ಪತ್ರಿಕೆಗಳಿಗೆ ಪ್ರವೇಶವಿರಲಿಲ್ಲ. ಸ್ಟೇಟ್ ಕಾಂಗ್ರೆಸ್ಸನ್ನಂತೂ ೧೯೩೮ರಲ್ಲಿ, ಅದು ವಿಧಿವತ್ತಾಗಿ ಹುಟ್ಟುವ ಮೊದಲೇ ನಿಷೇಧಿಸಿದರು. ಹುಟ್ಟದ ಕೂಸಿಗೆ ಹಾಕಿದ ಈ ಬೇಡಿ ಕಳಚಿದ್ದು ೧೯೪೬ರಲ್ಲಿ. ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಭಾಷೆಯೂ ಉರ್ದು. ಇಂಥಲ್ಲಿ ಕನ್ನಡದ ಒಂದು ದಿನಪತ್ರಿಕೆಯನ್ನು ಕೈಯಲ್ಲಿ ಹಿಡಿಯುವುದೇ ಒಂದು ರಾಜಕೀಯ ಕೃತಿಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಆ ದಿನಪತ್ರಿಕೆ ಬಹುಮಟ್ಟಿಗೆ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ'. ಅದರ ಬೆನ್ನಿಗೆ ರಂಗನಾಥ ದಿವಾಕರರಂಥವರು ಇದ್ದರು; ಸಂಪಾದಕ ಪೀಠದಲ್ಲಿ ಮೊಹರೆ ಹನುಮಂತರಾಯರು ಇದ್ದರು. ನಮ್ಮೂರ ಹಿರಿಯರೊಬ್ಬರು ನನಗೆ ಹೇಳುತ್ತಿದ್ದರು: ಪತ್ರಿಕೆ ಬರುವುದು ಎಂದೋ ಒಮ್ಮೆ, ಅದೂ ವಾರದಷ್ಟು ಹಳೆಯದು, ರೊಟ್ಟಿಯ ಬುತ್ತಿಯ ಬಟ್ಟೆಯೊಳಗೆ. ಒಬ್ಬರು ಓದುವರು, ಹದಿನೈದು ಜನ ಕೇಳುವರು. ಆ ಹಿರಿಯರಿಗೆ ಅಕ್ಷರ ಬಾರದು. ಆದರೂ "ನಾ ಪೇಪರ ಓದೀನಿ" ಎಂದೇ ಅವರು ಹೇಳುತ್ತಿದ್ದುದು. ನಾನು ತಿದ್ದಲು ಹೋಗಲಿಲ್ಲ. ಅವರು ಹೇಳುತ್ತಿದ್ದುದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಹೀಗೆ ಕೇಳಿದವರಿಗೆ ಪತ್ರಿಕೆ ಏನು ಕೊಟ್ಟಿತು? ಧೈರ್ಯವೆಂದು ಸಾಮಾನ್ಯವಾಗಿ ಹೇಳುವುದುಂಟು. ನನ್ನ ಮಟ್ಟಿಗೆ ಅದು ಕೊಟ್ಟದ್ದು ಅಳತೆಯನ್ನು. ಲೆವಿ ಧಾನ್ಯದ ಕಾಟ, ಕರೋಡಗಿರಿ ನಾಕೆಯ ಸುಂಕ, ಇವು ತಮ್ಮ ಊರಿನ ದೌರ್ಭಾಗ್ಯವೆಂದು ತಿಳಿದಿದ್ದವರಿಗೆ, ಬೀದರದಲ್ಲಿಯೂ ಇದೇ, ಕಲಬುರ್ಗಿಯಲ್ಲಿಯೂ ಇದೇ ಎಂದು ಗೊತ್ತಾಯಿತು. ೧೯೪೭ರ ಆಗಸ್ಟ್ ೭ರಂದು, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ, ಭಾರತ ಒಕ್ಕೂಟವನ್ನು ಸೇರುವ ಚಳವಳಿ ಮೊದಲಾಯಿತು. ಬಳಿಕ ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ ಎದ್ದವು. ಪತ್ರಿಕೆಗೆ ಆಶ್ರಯ ಕೊಟ್ಟ ಸಂದೇ ಹೋರಾಟಗಾರನಿಗೂ ಆಶ್ರಯ ಕೊಟ್ಟಿತು.

ಆದರೆ ಗಡಿಯಾಚೆ ನಿಂತು ಬರೆಯುವುದು ಬೇರೆ, ಒಳಗಿದ್ದು ಬರೆಯುವುದು ಬೇರೆ. ಹೈದರಾಬಾದು ನಗರದಲ್ಲಿಯೇ ಕುಳಿತು ರಜಾಕಾರರನ್ನು ವಿರೋಧಿಸಿ ಬರೆದವರು 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್. ೧೯೪೮ರ ಆಗಸ್ಟ್ ೨೧ರ ರಾತ್ರಿ ಅವರ ಮೇಲೆ ಎರಗಿದವರು ಬರೆಯುವ ಕೈಯನ್ನೇ ಕಡಿದರು, ಅವರು ಉಳಿಯಲಿಲ್ಲ. ಅವರು ಮುಸಲ್ಮಾನರು, ಅವರ ಪತ್ರಿಕೆ ಉರ್ದು. ಉರ್ದು ದೊರೆಯ ಭಾಷೆ, ಕನ್ನಡ ಪ್ರಜೆಯ ಭಾಷೆ ಎಂದು ಗೆರೆ ಎಳೆದು ಪಾಠ ಹೇಳುವ ನನ್ನಂಥ ಕನ್ನಡ ಮೇಷ್ಟರುಗಳು ಈ ಸಾವಿನ ಮುಂದೆ ತುಸು ತಡವರಿಸಬೇಕು. ನಾನು ಬಹಳ ವರ್ಷ ತಡವರಿಸಲಿಲ್ಲ.

ಮೂರು ವಾರಗಳ ಬಳಿಕ, ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಒಳಬಂತು. ೧೭ರಂದು ನಿಜಾಮರು ಶರಣಾದರು. ಆ ದಿನಗಳಲ್ಲಿ ಮತ್ತು ಅನಂತರ, ಕಲಬುರ್ಗಿ, ಬೀದರ, ಉಸ್ಮಾನಾಬಾದು, ನಾಂದೇಡ ಜಿಲ್ಲೆಗಳಲ್ಲಿ ಸಾವಿರಾರು ಮುಸಲ್ಮಾನರು ಹತರಾದರು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಊರೂರು ತಿರುಗಿ ವರದಿ ಸಲ್ಲಿಸಿತು. ಆ ವರದಿಯನ್ನು ಸರಕಾರ ದಶಕಗಟ್ಟಲೆ ಪ್ರಕಟಿಸಲಿಲ್ಲ. ರಜಾಕಾರರ ಹಾವಳಿಯ ಸುದ್ದಿಯನ್ನು ಬುತ್ತಿಯ ಬಟ್ಟೆಯೊಳಗಿನ ಪತ್ರಿಕೆಯಿಂದ ಕೇಳಿದ್ದ ನಮ್ಮ ಆ ಹಿರಿಯರನ್ನು, ಈ ಸುದ್ದಿಯೂ ಪೇಪರಿನಲ್ಲಿ ಬಂದಿತ್ತೇ ಎಂದು ನಾನೊಮ್ಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಯಾರೂ ಓದಿ ಹೇಳಲಿಲ್ಲ" ಎಂದರು.