ಚುಕ್ಕೆ ಪರಮಾಣುವಲ್ಲ: ಎಲೆಕ್ಟ್ರಾನ್ ವಿವರ್ತನೆಯ ಒಂದು ಪಾಠ

ಪದವಿಪೂರ್ವ ತರಗತಿಯ ಅಭ್ಯಾಸ ಪಾಠದಲ್ಲಿ ಎಲೆಕ್ಟ್ರಾನ್ ವಿವರ್ತನೆಯ ಚಿತ್ರವೊಂದನ್ನು ತೋರಿಸಿ, ‘ಪ್ರತಿ ಚುಕ್ಕೆಯೂ ಒಂದು ಪರಮಾಣು’ ಎಂದುಬಿಟ್ಟೆ. ಯಾರೂ ಪ್ರಶ್ನಿಸಲಿಲ್ಲ, ಎಲ್ಲರೂ ಬರೆದುಕೊಂಡರು. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ನನ್ನ ಪಾಠಯೋಜನೆಯ ಅಂಚಿನಲ್ಲಿ ಒಂದೇ ಸಾಲು ಬರೆದರು: ‘ಚುಕ್ಕೆ ಪರಮಾಣುವಲ್ಲ.’ ಮರುದಿನ ಆ ತಪ್ಪನ್ನು ತಿದ್ದಿದ ಬಗೆ ಇದು.

ಮೊದಲು ಚಟುವಟಿಕೆ. ಲೇಸರ್ ಯಾರ ಕಣ್ಣಿಗೂ ಬೀಳದಂತೆ ಎಚ್ಚರ ವಹಿಸಿ, ಅದರ ಕಿರಣವನ್ನು ತೆಳುವಾದ ನೈಲಾನ್ ಬಟ್ಟೆಯ ಮೂಲಕ ಗೋಡೆಗೆ ಹಾಯಿಸಿದೆ. ಚುಕ್ಕೆಗಳ ಸಾಲು ಮೂಡಿತು. ಇನ್ನೂ ಒತ್ತಾಗಿ ನೇಯ್ದ ಬಟ್ಟೆ ಹಿಡಿದಾಗ ಚುಕ್ಕೆಗಳು ಹತ್ತಿರವಾಗುವ ಬದಲು ದೂರ ಸರಿದವು. ಅಂದರೆ ಚುಕ್ಕೆಗಳು ಎಳೆಗಳ ಚಿತ್ರವಲ್ಲ. ಎಳೆಗಳ ನಡುವಣ ಅಂತರವನ್ನು ವಿಲೋಮವಾಗಿ ಹೇಳುವ ಗುರುತುಗಳು. ಬಟ್ಟೆಯನ್ನು ತಿರುಗಿಸಿದಾಗ ಚುಕ್ಕೆಗಳೂ ವೃತ್ತದ ಮೇಲೆ ತಿರುಗಿದವು.

ಇಲ್ಲಿಂದ ಪರಮಾಣುವಿಗೆ ಬಂದೆವು. ಎಲೆಕ್ಟ್ರಾನ್ ಅಲೆಯಂತೆ ವಿವರ್ತನೆಗೊಳ್ಳುತ್ತದೆ ಎಂಬುದನ್ನು 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಸ್ಫಟಿಕದಲ್ಲಿ ತೋರಿಸಿದರು. 200 ಕಿಲೊವೋಲ್ಟ್ ಸೂಕ್ಷ್ಮದರ್ಶಕದಲ್ಲಿ ಅದರ ತರಂಗದೂರ 0.00251 ನ್ಯಾನೊಮೀಟರ್. ಎಲೆಕ್ಟ್ರಾನ್‌ಗಳು ವಸ್ತುವಿನೊಡನೆ ಎಕ್ಸ್-ಕಿರಣಕ್ಕಿಂತ ಬಹಳ ಪ್ರಬಲವಾಗಿ ವರ್ತಿಸುವುದರಿಂದ ನ್ಯಾನೊ ಕಣವೂ ಅವುಗಳಿಗೆ ಸಾಕು. ಒಂದೇ ಸ್ಫಟಿಕವಾದರೆ ಚುಕ್ಕೆಗಳು. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಅಸಂಖ್ಯ ಕಣಗಳಾದರೆ ಉಂಗುರಗಳು.

ಲೆಕ್ಕದ ಸೂತ್ರ ಸರಳ: ಉಂಗುರದ ತ್ರಿಜ್ಯ × ಪರಮಾಣು ಸಮತಲಗಳ ಅಂತರ = ತರಂಗದೂರ × ಕ್ಯಾಮೆರಾ ದೂರ. ಕ್ಯಾಮೆರಾ ದೂರ 800 ಮಿ.ಮೀ. ಎಂದಿಟ್ಟುಕೊಂಡು, ಚಿನ್ನದ ಕಣಗಳಿಗೆ ನಾನು ಲೆಕ್ಕಹಾಕಿದ ತ್ರಿಜ್ಯಗಳನ್ನು ಕೊಟ್ಟೆ: 8.53, 9.85, 13.92, 16.33 ಮಿ.ಮೀ. ವಿದ್ಯಾರ್ಥಿಗಳು ಅವುಗಳ ವರ್ಗ ಮಾಡಿದರು: 72.8, 97.0, 193.8, 266.7. ಅನುಪಾತ 3:4:8:11. ಇದು ಮುಖಕೇಂದ್ರಿತ ಘನ ರಚನೆಯ ಗುರುತು. ಮೊದಲ ಉಂಗುರದಿಂದ ಸಮತಲಗಳ ಅಂತರ 0.235 ನ್ಯಾ.ಮೀ.; ಅದನ್ನು √3ರಿಂದ ಗುಣಿಸಿದರೆ ಘಟಕ ಕೋಶದ ಅಂಚು ಸುಮಾರು 0.408 ನ್ಯಾ.ಮೀ.

ಒಂದು ಎಚ್ಚರಿಕೆ: ಅನುಪಾತ 1:2:3:4 ಬಂದರೆ ಅವಸರದ ತೀರ್ಮಾನ ಬೇಡ. ಸರಳ ಘನಕ್ಕೂ ಕಾಯಕೇಂದ್ರಿತ ಘನಕ್ಕೂ ಮೊದಲ ಉಂಗುರಗಳು ಹೀಗೆಯೇ ಇರುತ್ತವೆ. ಏಳನೆಯ ಉಂಗುರದವರೆಗೆ ನೋಡಬೇಕು: ಸರಳ ಘನದಲ್ಲಿ 7 ಬರುವುದಿಲ್ಲ, 6ರ ನಂತರ 8. ಹೊಸ ವಸ್ತುವಾದರೆ ಉಂಗುರಗಳಷ್ಟೇ ಸಾಲವು; ಒಂದೇ ನ್ಯಾನೊ ಸ್ಫಟಿಕವನ್ನು ಸ್ವಲ್ಪ ಸ್ವಲ್ಪವೇ ಓರೆಮಾಡುತ್ತ ಹಲವು ಚಿತ್ರ ತೆಗೆದು, ಚುಕ್ಕೆಗಳ ಸ್ಥಾನದ ಜೊತೆಗೆ ತೀವ್ರತೆಯನ್ನೂ ಬಳಸಿ ಪರಮಾಣುಗಳ ಸ್ಥಾನ ಕಂಡುಹಿಡಿಯುತ್ತಾರೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೇಳಿದೆ: ‘ನಿನ್ನೆ ನಾನು ಹೇಳಿದ್ದರಲ್ಲಿ ತಪ್ಪೇನು?’ ಹಿಂದಿನ ಬೆಂಚಿನ ಹುಡುಗಿ ತನ್ನ ಟಿಪ್ಪಣಿಯ ಸಾಲನ್ನು ಹೊಡೆದುಹಾಕಿ ಬರೆದಳು: ‘ಚುಕ್ಕೆ ಒಂದು ಪರಮಾಣುವಲ್ಲ, ಸಮತಲಗಳ ಒಂದು ಗುಂಪು.’