ಮಗು ಹೋದ ಮನೆಯಲ್ಲಿ ತಪ್ಪಿತಸ್ಥರನ್ನು ಹುಡುಕಬೇಡಿ

ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತಾಯಿಮನೆಗೆ ಬರುವುದು ನಮ್ಮ ಕಡೆಯ ರೂಢಿ. ಮಗು ಚೆನ್ನಾಗಿದ್ದರೆ ಎರಡು ಮನೆಗೂ ಹಬ್ಬ. ಹೆರಿಗೆಯಲ್ಲೇ ಹೋದರೆ, ಇಲ್ಲವೇ ಹುಟ್ಟಿ ನಾಲ್ಕಾರು ದಿನಕ್ಕೆ ಕಣ್ಣು ಮುಚ್ಚಿದರೆ, ಸೂತಕ ಕಳೆಯುವ ಮುಂಚೆಯೇ ಎರಡು ಮನೆಗಳ ನಡುವೆ ಮಾತು ಬೆಳೆಯುತ್ತದೆ. ‘ನಿಮ್ಮಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದು ಗಂಡನ ಮನೆಯವರು. ‘ಎಂಟು ತಿಂಗಳು ತುಂಬುವವರೆಗೂ ದುಡಿಸಿ ಕಳಿಸಿದಿರಿ’ ಎಂದು ತಾಯಿಮನೆಯವರು. ಒಳಕೋಣೆಯಲ್ಲಿ ಮಲಗಿದವಳಿಗೆ ಎರಡೂ ಕೇಳಿಸುತ್ತದೆ. ಎರಡರಲ್ಲೂ ಅವಳಿಗೆ ಕೇಳಿಸುವುದು ಒಂದೇ: ತಪ್ಪು ನನ್ನದು.

ನಮ್ಮ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಓದಿನಲ್ಲಾಗಲಿ ಆಸ್ಪತ್ರೆಯ ಸೌಕರ್ಯದಲ್ಲಾಗಲಿ ಹಿಂದೆ ಬಿದ್ದ ತಾಲೂಕುಗಳಲ್ಲ. ಹೆದ್ದಾರಿ ಹಿಡಿದರೆ ಮಣಿಪಾಲದ ಆಸ್ಪತ್ರೆ ದೂರವೇನಲ್ಲ. ಆದರೂ ಮಗು ಹೋದ ಮನೆಯಲ್ಲಿ ಆಡುವ ಮಾತುಗಳು ಮಾತ್ರ ಬದಲಾಗಿಲ್ಲ. ಅವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಒಂದರಲ್ಲಿ, ಮುಂದೆ ನೋಡುವಂತೆ, ಅಜ್ಜಿಯಂದಿರೇ ಸರಿ.

‘ಅವಳೇ ಎಂತದೋ ಮಾಡಿಕೊಂಡಿರಬೇಕು’

ಗ್ರಹಣದ ದಿನ ಹೊರಗೆ ಬಂದಳು, ಕೈ ಮೇಲೆತ್ತಿ ಬಟ್ಟೆ ಒಣಗಿಸಿದಳು, ಬಸ್ಸಿನಲ್ಲಿ ಓಡಾಡಿದಳು, ಪಪ್ಪಾಯಿ ತಿಂದಳು. ಇದಾವುದೂ ಸಿಗದಿದ್ದರೆ ಕೊನೆಗೆ ಕಾಲ್ಗುಣ ಇದ್ದೇ ಇದೆ.

ಹುಟ್ಟಿದ ಮೊದಲ ತಿಂಗಳಲ್ಲಿ ಶಿಶುಗಳು ಸಾಯುವುದಕ್ಕೆ ಮುಖ್ಯ ಕಾರಣಗಳು ಜಗತ್ತಿನೆಲ್ಲೆಡೆ ಹೆಚ್ಚುಕಡಿಮೆ ಅವೇ: ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದು, ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟುವುದು, ಸೋಂಕು, ಹೃದಯವೇ ಮೊದಲಾದ ಅಂಗಗಳು ಸರಿಯಾಗಿ ಬೆಳೆಯದಿರುವುದು. ಹೊಟ್ಟೆಯಲ್ಲೇ ಮಗು ಹೋಗುವುದಕ್ಕೆ ಮಾಸು ಕೆಲಸ ನಿಲ್ಲಿಸುವುದು, ತಾಯಿಯ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೋಂಕು ಕಾರಣವಾಗಬಹುದು. ಎಷ್ಟೋ ಸಲ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. ಆ ಖಾಲಿ ಜಾಗದಲ್ಲೇ ಮನೆಯವರು ತಾಯಿಯನ್ನು ತಂದು ನಿಲ್ಲಿಸುತ್ತಾರೆ.

ಕೆಲಸದ ಮಾತು ಸ್ವಲ್ಪ ಬೇರೆ. ಗೇರುಬೀಜದ ಕಾರ್ಖಾನೆಯಲ್ಲೋ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲೋ, ಬ್ಯಾಂಕಿನ ಕೌಂಟರಿನಲ್ಲೋ ದುಡಿದ ಹೆಂಗಸಿಗೆ ‘ನಾನು ಮೊದಲೇ ರಜೆ ಹಾಕಿದ್ದರೆ?’ ಎಂಬ ಪ್ರಶ್ನೆ ಬಿಡದೆ ಕಾಡುತ್ತದೆ. ಗಂಟೆಗಟ್ಟಲೆ ನಿಲ್ಲುವುದು, ಭಾರ ಎತ್ತುವುದು, ದೀರ್ಘ ಕಾಲದ ತೀವ್ರ ಒತ್ತಡ ಇವುಗಳಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ತುಸು ಹೆಚ್ಚುತ್ತದೆ, ನಿಜ. ಆದರೆ ಅದು ಸಾವಿರಾರು ಹೆರಿಗೆಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಸಣ್ಣ ವ್ಯತ್ಯಾಸ. ಅದನ್ನು ಹಿಡಿದು ‘ನಿನ್ನ ಮಗು ಹೋದದ್ದು ನಿನ್ನ ಕೆಲಸದಿಂದ’ ಎಂದು ಒಬ್ಬಳ ಕಡೆ ಬೆರಳು ತೋರಿಸಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಅತ್ತೆ ಸೊಸೆ ನಡುವಿನ ಒಂದು ದಿನದ ಜಗಳದಿಂದಲೂ ಮಗು ಸಾಯುವುದಿಲ್ಲ. ಬಸುರಿಯ ಮೇಲೆ ಕೈ ಮಾಡುವುದರ ಮಾತು ಬೇರೆ. ಅದು ಮಗುವಿಗೂ ತಾಯಿಗೂ ನಿಜವಾದ ಅಪಾಯ, ಅಪರಾಧ ಕೂಡ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

‘ಮನೆತನಕ್ಕೆ ದೋಷ ಇದೆ, ಪ್ರಶ್ನೆ ಇಡಬೇಕು’

ನಾಗಬನವಿಲ್ಲದ ಮೂಲದ ಮನೆ ನಮ್ಮಲ್ಲಿ ಅಪರೂಪ. ಒಂದಾದ ಮೇಲೊಂದು ಮಗು ಹೋದರೆ ನಾಗದೋಷವಿರಬಹುದೆಂದು ಪ್ರಶ್ನೆ ಇಡಲು ಜೋಯಿಸರ ಹತ್ತಿರ ಹೋಗುತ್ತಾರೆ, ನಾಗನಿಗೆ ಆಶ್ಲೇಷಾ ಬಲಿ ಮಾಡಿಸುತ್ತಾರೆ. ಪೂಜೆಯಿಂದ ಮನೆಯವರಿಗೆ ಸಮಾಧಾನ ಸಿಗುವುದಾದರೆ ಅದನ್ನು ಬೇಡವೆನ್ನಲು ನಾನು ಯಾರು? ನನ್ನ ತಕರಾರು ಇರುವುದು ‘ದೋಷ ಹೆಣ್ಣಿನ ಕಡೆಯದ್ದು’ ಎಂದು ಕೊನೆಗೆ ಬರುವ ಮಾತಿನ ಬಗ್ಗೆ, ಮತ್ತು ಪೂಜೆ ಆಯಿತೆಂದು ಪರೀಕ್ಷೆ ಬಿಟ್ಟುಬಿಡುವುದರ ಬಗ್ಗೆ.

ಒಂದೇ ಮನೆಯಲ್ಲಿ ಮತ್ತೆ ಮತ್ತೆ ಶಿಶುಗಳು ಸಾಯುತ್ತಿದ್ದರೆ ಅದರ ಹಿಂದೆ ತಳಿ ಸಂಬಂಧದ ಕಾಯಿಲೆ ಇರಬಹುದು. ಇಂಥ ಕಾಯಿಲೆಗಳಲ್ಲಿ ಬಹಳಷ್ಟು ಬರುವುದು ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಜೀನಿನ ದೋಷ ಅಡಗಿದ್ದಾಗ. ಇಬ್ಬರೂ ಆರೋಗ್ಯವಾಗಿರುತ್ತಾರೆ, ಯಾರಿಗೂ ಸುಳಿವಿರುವುದಿಲ್ಲ. ಅಂಥ ದಂಪತಿಯ ಪ್ರತಿ ಮಗುವಿಗೂ ಆ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1. ಸೋದರಮಾವನ ಮಗ, ಸೋದರತ್ತೆಯ ಮಗಳು ಎಂದು ಸಂಬಂಧದಲ್ಲೇ ಮದುವೆಯಾದವರಲ್ಲಿ ಇದು ಹೆಚ್ಚು. ‘ದೋಷ’ ಎನ್ನಲೇಬೇಕಾದರೆ ಅದು ಎರಡು ಕಡೆಯಿಂದ ಸಮಪಾಲು ಬಂದದ್ದು.

ಇದನ್ನು ಪತ್ತೆ ಮಾಡುವ ವ್ಯವಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನಕ್ಕೆಂದೇ ವಿಭಾಗವಿದೆ. ತೀರಿಹೋದ ಭ್ರೂಣ ಮತ್ತು ಶಿಶುಗಳ ಪರೀಕ್ಷೆ ನಡೆಸಿ ಕಾರಣ ಹುಡುಕುವ ಕೆಲಸ ಅಲ್ಲಿ ನಡೆಯುತ್ತದೆ. ಸತ್ತ ಕೂಸನ್ನು ಮತ್ತೆ ಪರೀಕ್ಷೆಗೆ ಕೊಡುವುದು ಕರುಳು ಕಿವುಚುವ ವಿಷಯ, ಒಪ್ಪದವರನ್ನು ದೂರುವಂತಿಲ್ಲ. ಆದರೆ ಮುಂದಿನ ಬಸಿರಿನ ಬಗ್ಗೆ ಖಚಿತವಾಗಿ ಏನಾದರೂ ತಿಳಿಯಬೇಕೆಂದರೆ ಅದು ಹೊರಬರುವುದು ಹೆಚ್ಚಾಗಿ ಆ ದಾರಿಯಲ್ಲೇ.

‘ಹೋದ್ದ್ ಹೋಯ್ತ್, ಇನ್ನೊಂದ್ ಆತ್ತ್’

ಈ ಮಾತು ಆಡುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಅವರಿಗೆ ಗೊತ್ತಿರುವ ಸಾಂತ್ವನ ಇದೊಂದೇ. ಅದಕ್ಕೆ ಕಾರಣವೂ ಇದೆ.

1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಎಂದರೆ ಎಂಟರಲ್ಲಿ ಒಂದು. 2013ರ ಹೊತ್ತಿಗೆ ಅದು 40ಕ್ಕೆ, 2023ಕ್ಕೆ 25ಕ್ಕೆ ಇಳಿದಿದೆ. ಇಂದಿನ ಅಜ್ಜಿ ಹೆರುವ ಕಾಲದಲ್ಲಿ ಮಗು ಹೋಗುವುದು ಪ್ರತಿ ಕೇರಿಯ ಕಥೆ. ಅವಳು ಅತ್ತಿದ್ದು ಬಚ್ಚಲಲ್ಲಿ, ಯಾರಿಗೂ ಕಾಣದ ಹಾಗೆ. ಮಾರನೆಯ ವಾರ ನಟ್ಟಿಗೆ ಗದ್ದೆಗೆ ಇಳಿದಿದ್ದಾಳೆ. ‘ನನ್ನದೂ ಎರಡು ಹೋಗಿವೆ, ನಾನು ಬದುಕಲಿಲ್ಲವಾ?’ ಎಂದು ಅವಳು ಸೊಸೆಗೆ ಹೇಳುವಾಗ ಅದು ಗಡಸಾಗಿ ಕೇಳಿಸುತ್ತದೆ. ಯಾರಾದರೂ ಪಕ್ಕದಲ್ಲಿ ಕೂತು ‘ಆ ಎರಡು ಮಕ್ಕಳ ಬಗ್ಗೆ ಹೇಳಿ ಅತ್ತೆ’ ಎಂದು ಕೇಳಿದರೆ ಬೇರೆಯೇ ಮಾತು ಹೊರಬರುತ್ತದೆ. ಐವತ್ತು ವರ್ಷದ ಹಿಂದಿನ ಮಗುವಿನ ಕೂದಲು ಹೇಗಿತ್ತೆಂದು ಹೇಳಬಲ್ಲ ಹೆಂಗಸರಿದ್ದಾರೆ. ಹೋದದ್ದು ಹೋಗಿರುವುದಿಲ್ಲ.

ಇನ್ನೊಂದು ಮಗುವಾದರೆ ಮೊದಲಿನದು ಮರೆಯುತ್ತದೆ ಎಂಬುದೂ ನಿಜವಲ್ಲ. ಎಷ್ಟೋ ತಾಯಂದಿರಿಗೆ ಮುಂದಿನ ಬಸಿರು ಒಂಬತ್ತು ತಿಂಗಳ ಭಯ. ಹೆತ್ತ ಮೇಲೆ ಮುಂದಿನ ಬಸಿರಿಗೆ ಸುಮಾರು ಎರಡು ವರ್ಷ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಸಲಹೆ. ಗರ್ಭಪಾತವಾದರೆ ಕನಿಷ್ಠ ಆರು ತಿಂಗಳು. ಮಗು ಕಳಕೊಂಡವರಿಗೆ ಎಷ್ಟು ಕಾಯಬೇಕೆಂಬುದನ್ನು ವಯಸ್ಸು, ಹಿಂದಿನ ಹೆರಿಗೆ, ಸಾವಿನ ಕಾರಣ ನೋಡಿ ವೈದ್ಯರು ಹೇಳುತ್ತಾರೆ. ಒಂದು ಎಚ್ಚರ: ಹಾಲೂಡಿಸದ ಬಾಣಂತಿಗೆ ಮುಟ್ಟು ಬರುವ ಮೊದಲೇ, ಕೆಲವೇ ವಾರಗಳಲ್ಲಿ, ಮತ್ತೆ ಬಸಿರು ನಿಲ್ಲಬಹುದು. ತಯಾರಿಲ್ಲದವರು ಈ ಮಾತನ್ನು ಆಸ್ಪತ್ರೆ ಬಿಡುವ ಮೊದಲೇ ಕೇಳಿಕೊಳ್ಳಬೇಕು.

‘ಮಗುವೇ ಇಲ್ಲ, ಬಾಣಂತನ ಎಂತದಕ್ಕೆ?’

ಎಲ್ಲ ತಪ್ಪು ತಿಳಿವಳಿಕೆಗಳಲ್ಲಿ ಇದೇ ಅತಿ ಕ್ರೂರವಾದದ್ದು. ತಲೆಗೆ ಎಣ್ಣೆ, ಬಿಸಿನೀರ ಸ್ನಾನ, ಕೈಗೆ ಬರುವ ಊಟ ಎಲ್ಲ ನಿಂತುಹೋಗುತ್ತವೆ. ನೆನಪಾಗದಿರಲಿ ಎಂದೇ ಕೆಲವರು ನಿಲ್ಲಿಸುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ನವಜಾತ ಶಿಶುವನ್ನು ನೋಡಲು 42ನೇ ದಿನದವರೆಗೆ ಮನೆಗೆ ಬರುವ ಕ್ರಮವಿದೆ. ಶಿಶುವೇ ಇಲ್ಲವಾದಾಗ ‘ಹೇಗೆ ಮುಖ ನೋಡುವುದು’ ಎಂದು ಅವರೂ ಹಿಂಜರಿಯಬಹುದು.

ಆದರೆ ಹೆತ್ತ ಮೈಗೆ ಮಗು ಉಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಆರು ವಾರ ರಕ್ತಸ್ರಾವ, ಸೋಂಕು, ರಕ್ತದೊತ್ತಡ ಏರುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಎಲ್ಲ ಅಪಾಯಗಳೂ ಇದ್ದೇ ಇರುತ್ತವೆ. ಜ್ವರ, ಹೆಚ್ಚಿದ ಸ್ರಾವ, ತಡೆಯಲಾಗದ ತಲೆನೋವು, ಒಂದೇ ಕಾಲು ಊದಿ ನೋಯುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಲೂ ಬರುತ್ತದೆ. ಮಾಸು ಹೊರಬಿದ್ದ ಮೇಲೆ ಅದರ ಹಾರ್ಮೋನುಗಳ ಮಟ್ಟ ಇಳಿದು ಎರಡರಿಂದ ನಾಲ್ಕನೇ ದಿನದೊಳಗೆ ಎದೆ ತುಂಬುತ್ತದೆ. ಮಗುವನ್ನು ಮಣ್ಣು ಮಾಡಿ ಬಂದ ಮರುದಿನ ರವಿಕೆ ಒದ್ದೆಯಾದಾಗ ಆಗುವ ಸಂಕಟಕ್ಕೆ ಅವಳನ್ನು ಯಾರೂ ತಯಾರು ಮಾಡಿರುವುದಿಲ್ಲ. ಬಿಗಿಯಾಗಿ ಬಟ್ಟೆ ಸುತ್ತುವುದು, ಬಿಸಿ ಶಾಖ ಕೊಡುವುದು ಬೇಡ. ಆಧಾರ ಕೊಡುವ ಒಳಉಡುಪು, ತಣ್ಣನೆಯ ಬಟ್ಟೆ, ನೋವು ತಡೆಯದಾದಾಗ ಹಗುರವಾಗುವಷ್ಟು ಮಾತ್ರ ಹಿಂಡುವುದು, ಇಷ್ಟು ಸಾಕಾಗುತ್ತದೆ. ಹಾಲು ನಿಲ್ಲಿಸುವ ಮಾತ್ರೆಯೂ ಇದೆ. ರಕ್ತದೊತ್ತಡ ಇದ್ದವರಿಗೆ ಅದು ಆಗುವುದಿಲ್ಲವಾದ್ದರಿಂದ ವೈದ್ಯರು ಹೇಳದೆ ನುಂಗುವಂತಿಲ್ಲ.

ಅಜ್ಜಿಯಂದಿರು ಸರಿ ಎಂದೆನಲ್ಲ, ಅದು ಇಲ್ಲಿ. ಹಾಲು ಬತ್ತಲು ಎದೆಗೆ ಮಲ್ಲಿಗೆ ಹೂ ಕಟ್ಟುವುದು ದಕ್ಷಿಣ ಭಾರತದ ಹಳೆಯ ಮದ್ದು. ಮೂಢನಂಬಿಕೆ ಎಂದು ತಳ್ಳಿಹಾಕುವ ಬದಲು ವೈದ್ಯರ ತಂಡವೊಂದು ಅದನ್ನು ಪರೀಕ್ಷಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿತು. ಆಗ ಬಳಕೆಯಲ್ಲಿದ್ದ ಬ್ರೋಮೋಕ್ರಿಪ್ಟಿನ್ ಮಾತ್ರೆಯೊಂದಿಗೆ ಹೋಲಿಸಿದಾಗ, ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ನಿನ ಮಟ್ಟ ಮಾತ್ರೆಯಿಂದ ಹೆಚ್ಚು ಇಳಿದರೂ ಹೂವಿನಿಂದಲೂ ಇಳಿದಿತ್ತು. ಎದೆ ತುಂಬುವುದು, ಹಾಲು ಬರುವುದು ಎರಡರಿಂದಲೂ ಹೆಚ್ಚುಕಡಿಮೆ ಒಂದೇ ರೀತಿ ಕಡಿಮೆಯಾಗಿತ್ತು. ಅದು ಸಣ್ಣ ಅಧ್ಯಯನ, ಅದೊಂದನ್ನೇ ನಂಬಿ ಕೂರಬೇಕಿಲ್ಲ. ಆದರೂ ಒಂದು ಕಡೆ ಉಡುಪಿ ಮಲ್ಲಿಗೆ, ಇನ್ನೊಂದು ಕಡೆ ಭಟ್ಕಳ ಮಲ್ಲಿಗೆ ಬೆಳೆಯುವ ನಮ್ಮ ಸೀಮೆಯಲ್ಲಿ ಯಾರಾದರೂ ದಂಡೆ ತಂದು ಎದೆಗೆ ಕಟ್ಟಿದರೆ ಬೇಡವೆನ್ನಬೇಡಿ.

‘ತಾಯಿಗೆ ಮುಖ ತೋರಿಸಬೇಡಿ’

ಅವಳು ಎಚ್ಚರವಾಗುವ ಮೊದಲೇ ಗಂಡಸರು ಮಗುವನ್ನು ಒಯ್ದು ಮಣ್ಣು ಮಾಡಿ ಬಂದಿರುತ್ತಾರೆ. ನೋಡಿದರೆ ದುಃಖ ಹೆಚ್ಚುತ್ತದೆ ಎಂಬ ಕಾಳಜಿ ಅದು. ಆದರೆ ಮಗುವನ್ನು ನೋಡಿ, ಎತ್ತಿಕೊಂಡು ಕಳಿಸಿದ ತಾಯಂದಿರಲ್ಲಿ ಹೆಚ್ಚಿನವರು ಮುಂದೆ ಅದನ್ನು ತಪ್ಪೆಂದು ಭಾವಿಸುವುದಿಲ್ಲ. ನೋಡಲು ಇಷ್ಟವಿಲ್ಲದವರೂ ಇರುತ್ತಾರೆ. ಒತ್ತಾಯ ಎರಡು ಕಡೆಯೂ ಬೇಡ. ಅವಳನ್ನೇ ಕೇಳಬೇಕು, ಅಷ್ಟೆ. ಮನೆಯ ದೊಡ್ಡ ಮಗುವಿಗೂ ‘ಪಾಪು ಮಲಗಿದೆ’ ಎಂದು ಹೇಳಬೇಡಿ. ಮಲಗಿದವರು ಏಳುವುದಿಲ್ಲ ಎಂದುಕೊಂಡರೆ ಆ ಮಗುವಿಗೆ ರಾತ್ರಿ ಮಲಗಲು ಭಯವಾಗುತ್ತದೆ.

‘ಅವನಿಗೆ ಅಷ್ಟೇನೂ ಆಗಿಲ್ಲ, ಕೆಲಸಕ್ಕೆ ಹೋದ’

ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವವನು ಸುದ್ದಿ ಕೇಳಿ ರಾತ್ರಿ ಬಸ್ಸಿನಲ್ಲಿ ಬಂದು, ನಾಲ್ಕು ದಿನವಿದ್ದು ಹೊರಡುತ್ತಾನೆ. ಗಂಗೊಳ್ಳಿಯ ದೋಣಿಯವನು ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಬಿಟ್ಟು ಉಳಿದ ದಿನ ಮನೆಯಲ್ಲಿ ಕೂತರೆ ಆ ದಿನದ ಪಾಲು ಹೋಯಿತು. ಖಾಸಗಿ ಕೆಲಸದ ಗಂಡಸರಿಗೆ ಪಿತೃತ್ವ ರಜೆ ಕೊಡಲೇಬೇಕೆಂಬ ಕಾನೂನೇ ನಮ್ಮಲ್ಲಿಲ್ಲ.

ಅವನು ಅಳುವುದು ಕಾಣದಿದ್ದಾಗ ಹೆಂಡತಿಗೆ ‘ಇವರಿಗೆ ದುಃಖವೇ ಇಲ್ಲ’ ಎನಿಸುತ್ತದೆ. ಅವನಿಗೋ ತಾನು ಅತ್ತರೆ ಅವಳು ಇನ್ನೂ ಕುಸಿಯುತ್ತಾಳೆಂಬ ಭಯ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ದೂರವಾಗುತ್ತಾರೆ. ದುಃಖದ ಬಗ್ಗೆ ಅಧ್ಯಯನ ಮಾಡಿದ ಸ್ಟ್ರೋಬ್ ಮತ್ತು ಶುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆ, ಒಮ್ಮೆ ದಿನದ ಕೆಲಸದ ಕಡೆ ಹೋಗಿ ಬಂದು ಮಾಡುತ್ತಲೇ ಇರುತ್ತಾರೆ. ಕೆಲಸದಲ್ಲಿ ಮುಳುಗಿದವನು ಮರೆತವನಲ್ಲ, ಇಂದು ನಕ್ಕವಳು ಕಲ್ಲೆದೆಯವಳೂ ಅಲ್ಲ.

‘ಮಗು ಇಲ್ಲದ ಮೇಲೆ ರಜೆಯೂ ಇಲ್ಲ’

ಇದು ಪೂರ್ತಿ ಸುಳ್ಳು. ಎಷ್ಟೋ ಕಡೆ ಮಾಲೀಕರು, ಮೇಲ್ವಿಚಾರಕರು ಹೀಗೆಂದು ಹೇಳಿ ಕಳಿಸುವುದರಿಂದ ಬಿಡಿಸಿ ಹೇಳಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ‘ಮಗು’ ಎಂದರೆ ಸತ್ತು ಹುಟ್ಟಿದ ಮಗುವೂ ಸೇರಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕುಗಳು ಮುಂದುವರಿದಿವೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ವೇತನ ಸಹಿತ 26 ವಾರ ರಜೆ. ಬದುಕಿರುವ ಮಕ್ಕಳು ಈಗಾಗಲೇ ಇಬ್ಬರಿದ್ದರೆ 12 ವಾರ. 26 ವಾರದೊಳಗೆ ಗರ್ಭಪಾತವಾದರೆ 6 ವಾರ. ಅದರಿಂದ ಕಾಯಿಲೆ ಬಿದ್ದರೆ ಇನ್ನೂ ಒಂದು ತಿಂಗಳು. ಈ ಯಾವ ರಜೆಯಲ್ಲಿದ್ದಾಗಲೂ ಕೆಲಸದಿಂದ ತೆಗೆಯುವಂತಿಲ್ಲ. ಇಎಸ್ಐ ಕಟ್ಟುವ ಕಾರ್ಖಾನೆಯವರಿಗೆ ಹಣ ಇಎಸ್ಐನಿಂದಲೇ ಬರುತ್ತದೆ. ಕೇಂದ್ರ ಸರ್ಕಾರಿ ನೌಕರರಿಗೆ, ಮಗು ಸತ್ತು ಹುಟ್ಟಿದರೆ ಅಥವಾ ಹುಟ್ಟಿದ 28 ದಿನದೊಳಗೆ ತೀರಿಕೊಂಡರೆ, 60 ದಿನದ ವಿಶೇಷ ರಜೆ ಕೊಡುವ ಆದೇಶ 2022ರ ಸೆಪ್ಟೆಂಬರಿನಲ್ಲಿ ಬಂದಿದೆ.

ಒಂದು ಗಳಿಗೆ ಉಸಿರಾಡಿದ ಮಗುವಿನದ್ದೂ ಜನನ, ಮರಣ ಎರಡೂ ನೋಂದಣಿಯಾಗಬೇಕು. ಸತ್ತು ಹುಟ್ಟಿದ್ದಕ್ಕೂ ನೋಂದಣಿ ಇದೆ. ಅವಧಿ 21 ದಿನ. ರಜೆ ಕೇಳುವಾಗ ಆ ಕಾಗದ ಬೇಕಾಗುತ್ತದೆ.

ಕೊನೆಗೆ, ಮಗು ಕಳಕೊಂಡವಳ ಮನಸ್ಸಿನ ಮಾತು. ಅಳುವುದು, ನಿದ್ದೆ ಬಾರದಿರುವುದು, ಬೇರೆಯವರ ಮಗುವನ್ನು ಕಂಡು ಎದೆ ಹಿಂಡಿದಂತಾಗುವುದು ಕಾಯಿಲೆಯಲ್ಲ. ಆದರೆ ಎರಡು ವಾರ ಕಳೆದರೂ ಊಟ ನಿದ್ದೆ ಪೂರ್ತಿ ಬಿಟ್ಟಿದ್ದರೆ, ಇಲ್ಲದ ಮಗುವಿನ ಅಳು ಕೇಳಿಸುತ್ತದೆ ಎಂದು ರಾತ್ರಿಯಿಡೀ ಎದ್ದು ಹುಡುಕುತ್ತಿದ್ದರೆ, ‘ನಾನೂ ಹೋಗಬೇಕು’ ಎಂಬ ಮಾತು ಒಂದೇ ಸಲ ಬಂದರೂ, ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಿಗೆ ತೋರಿಸಿ. ಮೊದಲು ಹೆರಿಗೆ ವೈದ್ಯರನ್ನೋ ತಾಲೂಕು ಆಸ್ಪತ್ರೆಯನ್ನೋ ಕೇಳಿದರೂ ಸಾಕು, ಮುಂದಿನ ದಾರಿ ಅವರು ಹೇಳುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಂಖ್ಯೆ 14416. ಅವಳಿಗೆ ಫೋನು ಹಿಡಿಯುವ ಶಕ್ತಿ ಇಲ್ಲದಿದ್ದರೆ ಗಂಡನೋ ಅತ್ತಿಗೆಯೋ ಅತ್ತೆಯೋ ಕರೆ ಮಾಡಿ.