ನೈರೋಬಿಯಲ್ಲಿ ಒಂದು ಮಧ್ಯಾಹ್ನ: ಸಾಲದ ಮೇಲೆ ಸರಕು ಕಳುಹಿಸುವ ಮುನ್ನ

ವಿದೇಶದ ಗ್ರಾಹಕನಿಗೆ ಸಾಲದ ಮೇಲೆ ಸರಕು ಕಳುಹಿಸುವ ಮುನ್ನ ಆತನ ಅಂಗಡಿಯ ಮೆಟ್ಟಿಲನ್ನು ಒಮ್ಮೆ ಹತ್ತಿ ಬರಬೇಕು. ಕಳೆದ ವರ್ಷ ಕೆನ್ಯಾದ ರಾಜಧಾನಿ ನೈರೋಬಿಗೆ ಒಬ್ಬನೇ ಹೋಗಿ ಬಂದ ಬಳಿಕ ನನ್ನಲ್ಲಿ ದೃಢಪಟ್ಟ ಅಭಿಪ್ರಾಯವಿದು.

ಪಂಪ್‌ಸೆಟ್ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರಿಗೆ ಅಲ್ಲಿಂದ ದೊಡ್ಡ ಆರ್ಡರ್ ಬಂದಿತ್ತು; ಷರತ್ತು, ತೊಂಬತ್ತು ದಿನಗಳ ಸಾಲ. ಸರಕಿನ ಮೌಲ್ಯ ಅವರ ಎರಡು ವರ್ಷಗಳ ನಿವ್ವಳ ಲಾಭಕ್ಕೆ ಸಮನಾಗಿತ್ತು. ಕಾರ್ಖಾನೆ ಬಿಟ್ಟು ಹೊರಡುವಂತಿರಲಿಲ್ಲ. "ನೀವೇ ಒಮ್ಮೆ ನೋಡಿ ಬನ್ನಿ ಸರ್, ನೀವು ಹೇಳಿದಂತೆ ಮಾಡುತ್ತೇನೆ" ಎಂದರು.

ಸಿದ್ಧತೆ ಕಠಿಣವೇನಲ್ಲ. 2024ರ ಜನವರಿಯಿಂದ ಕೆನ್ಯಾ ವೀಸಾದ ಬದಲು ಅಂತರಜಾಲದ ಮೂಲಕ ಪ್ರವಾಸದ ಮುಂಗಡ ಅನುಮತಿ ನೀಡುತ್ತಿದೆ. ಹಳದಿ ಜ್ವರದ ಲಸಿಕೆಯನ್ನು ಮಾತ್ರ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಪಡೆಯಬೇಕು. ಆ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದಲ್ಲಿ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ.

1899ರಲ್ಲಿ ರೈಲ್ವೆ ಡಿಪೋ ಆಗಿ ಹುಟ್ಟಿದ ಊರು ನೈರೋಬಿ. ಆ ಹಳಿಗಳನ್ನು ಹಾಸಿದವರಲ್ಲಿ ಭಾರತದಿಂದ ಹೋದ ಸಾವಿರಾರು ಕಾರ್ಮಿಕರಿದ್ದರು. ಇಂದು ಗಾಜಿನ ಬಹುಮಹಡಿ ಕಟ್ಟಡಗಳು, 2022ರಲ್ಲಿ ತೆರೆದ 27 ಕಿಲೋಮೀಟರ್ ಉದ್ದದ ಎಕ್ಸ್‌ಪ್ರೆಸ್‌ವೇ, ಬೆಂಗಳೂರನ್ನು ನೆನಪಿಸುವ ತಂಪು. ಸ್ವಾಹಿಲಿ ಭಾಷೆಯಲ್ಲಿ ಅಂಗಡಿ 'ದುಕಾ', ಲೆಕ್ಕ 'ಹೆಸಾಬು', ವಿಮೆ 'ಬಿಮಾ', ಲಕ್ಷ 'ಲಾಕಿ'. ಲೆಕ್ಕಪರಿಶೋಧಕನಿಗೆ ಪರಸ್ಥಳವೆನಿಸಲಿಲ್ಲ. ಆದರೂ ಒಂಟಿ ಪ್ರಯಾಣಿಕನ ಎಚ್ಚರ ಬಿಡಲಿಲ್ಲ: ಕತ್ತಲಾದ ಮೇಲೆ ಪೇಟೆಯಲ್ಲಿ ನಡೆದಾಡಲಿಲ್ಲ, ರಸ್ತೆಯಲ್ಲಿ ಮೊಬೈಲ್ ಹೊರತೆಗೆಯಲಿಲ್ಲ.

ರಿವರ್ ರೋಡ್ ಸಮೀಪದ ಓಣಿಯಲ್ಲಿ ಆ ಅಂಗಡಿ ದೊರೆಯಿತು. ವಿಳಾಸ ಸುಳ್ಳಲ್ಲ, ಆದರೆ ಅಂಗಡಿ ಆರ್ಡರಿಗಿಂತ ಬಹಳ ಚಿಕ್ಕದು. ಮಾಲೀಕರು ಹಿರಿಯರಿಗೆ ಸಲ್ಲುವ 'ಮ್ಜೇ' ಎಂಬ ಗೌರವದಿಂದ ಕರೆದು, ಹಾಲು ಬೆರೆಸಿದ ಚಹಾ ತರಿಸಿದರು. ಮಧ್ಯಾಹ್ನವಿಡೀ ಅಲ್ಲಿಯೇ ಕುಳಿತೆ. ಗಿರಾಕಿಗಳು ಎಂ-ಪೆಸಾ ಮೂಲಕ ಹಣ ಸಂದಾಯ ಮಾಡುತ್ತಿದ್ದರು. 2007ರಲ್ಲಿ ಆರಂಭವಾದ ಈ ಮೊಬೈಲ್ ವ್ಯವಸ್ಥೆ ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಹಿರಿದು. ವಿದ್ಯುನ್ಮಾನ ತೆರಿಗೆ ಬಿಲ್ಲುಗಳೂ ಕ್ರಮಬದ್ಧವಾಗಿದ್ದವು. ಅಂತಹ ಬಿಲ್ಲಿಲ್ಲದ ಖರ್ಚನ್ನು 2024ರಿಂದ ಅಲ್ಲಿನ ತೆರಿಗೆ ಇಲಾಖೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವುಗಳಿಂದ ತಿಂಗಳ ಮಾರಾಟದ ಅಂದಾಜು ಸಿಕ್ಕಿತು. ಇಡೀ ಸರಕು ಖರ್ಚಾಗಲು ತೊಂಬತ್ತು ದಿನ ಸಾಲದು, ಒಂದು ವರ್ಷ ಬೇಕು.

ಇದನ್ನು ಸೌಮ್ಯವಾಗಿ ಪ್ರಸ್ತಾಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳ್ಳಿಗಳ ಗಿರಾಕಿಗಳು ಫಸಲು ಬಂದ ಮೇಲೆ ಹಣ ಕೊಡುತ್ತಾರೆ, ಆ ಭರವಸೆಯಿಂದಲೇ ತೊಂಬತ್ತು ದಿನವೆಂದು ಬರೆದೆ ಎಂದು ಒಪ್ಪಿಕೊಂಡರು. ಮೋಸದ ಉದ್ದೇಶ ಅವರಿಗಿರಲಿಲ್ಲ. ಆದರೆ ಪ್ರಾಮಾಣಿಕನ ಅತಿಯಾದ ಭರವಸೆಯೂ ನಮ್ಮ ಖಾತೆಯಲ್ಲಿ ವಸೂಲಾಗದ ಸಾಲವಾಗಿಯೇ ಕೊನೆಗೊಳ್ಳುತ್ತದೆ.

ಅಂದು ರಾತ್ರಿ ಹೋಟೆಲಿನಿಂದ ಕಕ್ಷಿದಾರರಿಗೆ ದೂರವಾಣಿ ಮಾಡಿದೆ. ಆರ್ಡರನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ಶೇ. 30 ಮುಂಗಡ, ಉಳಿದ ಹಣವನ್ನು ಬ್ಯಾಂಕಿಗೆ ಕಟ್ಟಿದ ಮೇಲೆಯೇ ದಾಖಲೆ ಬಿಡುಗಡೆ ಎಂಬ ಷರತ್ತಿಗೆ ಉಭಯತರರೂ ಸಮ್ಮತಿಸಿದರು. ಮೊದಲ ಕಂತಿನ ಹಣ ಸಕಾಲದಲ್ಲಿ ಬಂದಿದೆ. ಎರಡನೆಯ ಆರ್ಡರ್ ತಯಾರಾಗುತ್ತಿದೆ.

ಸಾಲ ಕೊಡಲೇಬೇಕಾದಲ್ಲಿ ಇ.ಸಿ.ಜಿ.ಸಿ. ವಿಮೆಯನ್ನು ಸದಸ್ಯ ಮಿತ್ರರು ಮರೆಯಬಾರದು. ವಿಮೆ ನಷ್ಟದ ಬಹುಭಾಗವನ್ನು ತುಂಬಿಕೊಟ್ಟೀತು. ಗಿರಾಕಿಯ ಶಕ್ತಿಯನ್ನು ಅಳೆಯುವ ಕೆಲಸ ಮಾತ್ರ ನಮ್ಮದೇ. ನನ್ನ ವಿಮಾನದ ಟಿಕೆಟ್ಟನ್ನು ಕಕ್ಷಿದಾರರು ಪ್ರವಾಸ ವೆಚ್ಚದಲ್ಲಿ ಬರೆದಿದ್ದಾರೆ. ನನ್ನನ್ನು ಕೇಳಿದರೆ, ಅದೂ ಒಂದು ವಿಮೆಯ ಕಂತೇ.